ಲಾಲ್‌ಬಾಗಿನ ಕ್ರುಂಬಿಗಲ್ ಮತ್ತು ನಮ್ಮೂರ ರಸ್ತೆಯ ಮರಗಳು

ರಜೆ ಮುಗಿಸಿ ಊರಿಂದ ವಾಪಸ್ ಬಂದ ವಾರ ನಮ್ಮ ಕನ್ನಡ ಸಂಘದ ಹರಟೆ ಶುರುವಾಗೋದು ರಸ್ತೆಯ ವಿಷಯದಿಂದಲೇ. ಸಂಘದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ನಾವು ಒಂದಷ್ಟು ಜನ ಇದ್ದೇವೆ. ಈ ಸಲ ಮಾತು ಜಗಳಕ್ಕೇ ತಿರುಗಿತು. ರಸ್ತೆ ಅಗಲ ಮಾಡುತ್ತಾರೆ ಅಂತ ಊರ ಹತ್ತಿರದ ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ ಎಂದು ಒಬ್ಬ ಹೇಳಿದ. ಅದರಲ್ಲಿ ಬಸ್ಸಿಗೆ ಕಾಯುವಾಗ ನಾವು ನೆರಳಿಗೆ ನಿಲ್ಲುತ್ತಿದ್ದ ಮಾವಿನ ಮರವೂ ಇದೆಯಂತೆ. ನಮ್ಮಲ್ಲಿ ಅರ್ಧ ಜನ ಕಡಿಯಬಾರದು ಎಂದರು. ಇನ್ನರ್ಧ ಜನ, ರಾತ್ರಿ ಹೊತ್ತು ಎದೆನೋವು ಬಂದವರನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರಕೊಂಡು ಹೋಗಿ ನೋಡಿ, ಆಮೇಲೆ ಮರದ ಬಗ್ಗೆ ಮಾತಾಡಿ ಎಂದರು. ಎರಡೂ ಕಡೆಯವರ ಮಾತು ಸುಳ್ಳಲ್ಲ. ಅದಕ್ಕೇ ಜಗಳ ಮುಗಿಯಲಿಲ್ಲ.

ಮುಗಿಯದ ಜಗಳವನ್ನು ಹಾಗೇ ಬಿಟ್ಟು, ರಸ್ತೆ ಮತ್ತು ಮರ ಎರಡನ್ನೂ ಒಟ್ಟಿಗೆ ಯೋಚಿಸಿದವರು ನಮ್ಮ ರಾಜ್ಯದಲ್ಲಿ ಯಾರಾದರೂ ಇದ್ದರೇ ಅಂತ ಹುಡುಕಿದೆವು. ಸಿಕ್ಕ ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಾಲ್‌ಬಾಗಿನ ಪಕ್ಕದ ಕ್ರುಂಬಿಗಲ್ ರಸ್ತೆಯಲ್ಲಿ ನಮ್ಮಲ್ಲಿ ಹಲವರು ಓಡಾಡಿದ್ದೇವೆ. ಆ ಹೆಸರು ಯಾರದು ಅಂತ ಕೇಳಿಕೊಂಡವರು ಮಾತ್ರ ಕಡಿಮೆ. ಈ ಸಲ ಅವರ ಕತೆ.

ತೋಟದ ಕೆಲಸ ಕಲಿತ ಹುಡುಗ

ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡನ್ ಹತ್ತಿರದ ಲೋಮೆನ್ ಎಂಬ ಊರಲ್ಲಿ. ಹುಡುಗನಾಗಿದ್ದಾಗಲೇ ತೋಟಗಾರಿಕೆಯ ಕಡೆ ಹೊರಳಿದರು. ಪಿಲ್ನಿಟ್ಸ್‌ನ ಅರಮನೆ ತೋಟದಂಥ ಕಡೆ ಕಲಿತರು, ಆಮೇಲೆ ಶ್ವೆರಿನ್, ಹ್ಯಾಂಬರ್ಗ್‌ಗಳಲ್ಲಿ ಕೆಲಸ ಮಾಡಿದರು. ನಾವು ಇಂಟರ್ನ್‌ಶಿಪ್ ಅಂತ ಕರೆಯುವ ಕೆಲಸವನ್ನು ಅವರು ವರ್ಷಗಟ್ಟಲೆ, ಕೈ ಮಣ್ಣು ಮಾಡಿಕೊಂಡು ಮಾಡಿದವರು.

1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ಕೆಲಸ ಮಾಡಿ, ಮುಂದೆ ಕ್ಯೂ ಉದ್ಯಾನಕ್ಕೆ ಸೇರಿದರು. ಆ ಕಾಲದಲ್ಲಿ ಕ್ಯೂ ಅಂದರೆ ಸಸ್ಯಗಳ ವಿಶ್ವವಿದ್ಯಾಲಯ ಇದ್ದ ಹಾಗೆ. ಬ್ರಿಟಿಷರ ಕೈಯಲ್ಲಿದ್ದ ದೇಶಗಳಿಂದ ಗಿಡ, ಬೀಜ ಅಲ್ಲಿಗೆ ಬರುತ್ತಿದ್ದವು, ಅಲ್ಲಿಂದ ಬೇರೆ ದೇಶಗಳಿಗೆ ಹೋಗುತ್ತಿದ್ದವು. ಯಾವ ಗಿಡ ಯಾವ ಹವೆಯಲ್ಲಿ ಬದುಕುತ್ತದೆ, ಎಷ್ಟು ಎತ್ತರ ಹೋಗುತ್ತದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬ ಲೆಕ್ಕ ಅಲ್ಲಿ ಕಲಿಯಲು ಸಿಗುತ್ತಿತ್ತು.

1893ರಲ್ಲಿ ಅವರು ಭಾರತಕ್ಕೆ ಬಂದದ್ದು ಬರೋಡಾ ಸಂಸ್ಥಾನದ ಸಸ್ಯೋದ್ಯಾನದ ಕ್ಯುರೇಟರ್ ಆಗಿ. ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲ ಅದು. ಅಲ್ಲಿ ಹದಿನಾಲ್ಕು, ಹದಿನೈದು ವರ್ಷ ಈ ದೇಶದ ಬಿಸಿಲು, ಮಳೆ, ಮಣ್ಣು ಏನು ಅಂತ ತಿಳಿದುಕೊಂಡರು. ಬೆಂಗಳೂರಿಗೆ ಬರುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು.

ಬೆಂಗಳೂರಿನ ಇಪ್ಪತ್ತನಾಲ್ಕು ವರ್ಷ

1908ರಲ್ಲಿ ಲಾಲ್‌ಬಾಗಿನ ಹೊಣೆ ಅವರ ಕೈಗೆ ಬಂತು. ಅದಕ್ಕೆ ಮುಂಚೆ ಜಾನ್ ಕ್ಯಾಮರಾನ್ ಎಂಬವರು 1874ರಿಂದ ಆ ತೋಟವನ್ನು ನೋಡಿಕೊಂಡಿದ್ದರು. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲೇ. ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ್. 1912ರಿಂದ 1918ರ ತನಕ ದಿವಾನರಾಗಿದ್ದವರು ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಆಮೇಲೆ 1926ರಿಂದ ಮಿರ್ಜಾ ಇಸ್ಮಾಯಿಲ್. ತೋಟಗಾರನ ಮಾತಿಗೆ ಕಿವಿಗೊಡುವ ದೊರೆಯೂ ದಿವಾನರೂ ಸಿಗುವುದು ಪುಣ್ಯವೇ ಸರಿ.

ಆಗಿನ ಬೆಂಗಳೂರನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1898ರ ಪ್ಲೇಗ್ ಊರನ್ನು ಅಲ್ಲಾಡಿಸಿ ಹೋಗಿತ್ತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಬೇಕು, ಗಾಳಿ ಬೆಳಕು ಇರುವ ರಸ್ತೆಗಳು ಬೇಕು ಅಂತ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆಯುತ್ತಿದ್ದವು. ದಂಡಿನ ಪ್ರದೇಶ ಬ್ರಿಟಿಷರ ಆಡಳಿತದಲ್ಲಿ ಬೇರೆಯೇ ಇತ್ತು. ಹೊಸ ರಸ್ತೆ ಎಳೆಯುವಾಗ ಅದರ ಎರಡೂ ಬದಿ ಏನು ನೆಡಬೇಕು ಎಂಬ ಪ್ರಶ್ನೆ ಬರುತ್ತಿತ್ತು.

ಕ್ರುಂಬಿಗಲ್ ಅವರ ಹೆಸರಿನ ಜತೆ ಇವತ್ತಿಗೂ ಅಂಟಿಕೊಂಡಿರುವುದು ಸರದಿಯಲ್ಲಿ ಹೂ ಬಿಡುವ ಮರಗಳ ಯೋಜನೆ. ಹೇಳಲು ಸುಲಭ. ವರ್ಷದ ಯಾವ ತಿಂಗಳಲ್ಲೂ ನಗರದ ಯಾವುದಾದರೂ ಬೀದಿಯಲ್ಲಿ ಯಾವುದಾದರೂ ಮರ ಹೂ ಬಿಟ್ಟಿರಬೇಕು. ಚಳಿಗಾಲದ ಕೊನೆಗೆ ಗುಲಾಬಿ ಬಣ್ಣದ ಟಬೆಬುಯಾ, ಅದರ ಹಿಂದೆಯೇ ಹಳದಿ ಟಬೆಬುಯಾ, ಆಮೇಲೆ ನೇರಳೆ ಬಣ್ಣದ ಜಕರಂಡ. ಯುಗಾದಿ ಹೊತ್ತಿಗೆ ಹೊಂಗೆಯ ಚಿಗುರು. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್, ಹಳದಿ ಕಕ್ಕೆ, ಹೊಳೆದಾಸವಾಳ. ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆ. ಇದನ್ನು ಕಾರ್ಯರೂಪಕ್ಕೆ ತರುವುದು ಸುಲಭವಲ್ಲ. ಬೀಜ ತರಿಸಬೇಕು, ನರ್ಸರಿಯಲ್ಲಿ ಸಸಿ ಮಾಡಬೇಕು, ಈ ಮಣ್ಣಿಗೆ ಒಗ್ಗುತ್ತದೋ ಇಲ್ಲವೋ ಅಂತ ಕಾಯಬೇಕು. ನೆಟ್ಟ ಸಸಿ ಹೂ ಬಿಡುವುದನ್ನು ನೋಡಲು ವರ್ಷಗಳು ಬೇಕು. ನಾವು ಸೆಮಿಸ್ಟರ್ ಲೆಕ್ಕದಲ್ಲಿ ಯೋಚಿಸುವವರು. ಅವರು ಇಪ್ಪತ್ತು, ಮೂವತ್ತು ವರ್ಷದ ಲೆಕ್ಕದಲ್ಲಿ ಯೋಚಿಸಿದರು.

ಹಾಗಂತ ಬೆಂಗಳೂರಿನ ಮರಗಳೆಲ್ಲ ಅವರೇ ನೆಟ್ಟದ್ದು ಅಂದರೆ ತಪ್ಪಾಗುತ್ತದೆ. ಅವರಿಗಿಂತ ಮುಂಚೆಯೂ ನೆಟ್ಟವರಿದ್ದರು. ಅವರ ನಂತರ ಲಾಲ್‌ಬಾಗ್ ನೋಡಿಕೊಂಡ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡರು ಆ ದಾರಿಯನ್ನು ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳರು ನಗರದ ಬೀದಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸಸಿ ನೆಡಿಸಿದರು. ಕ್ರುಂಬಿಗಲ್ ಹಾಕಿಕೊಟ್ಟದ್ದು ಬೀದಿಗೆ ಮರವನ್ನು ಆರಿಸುವ ಒಂದು ಕ್ರಮವನ್ನು.

ಲಾಲ್‌ಬಾಗಿನ ಒಳಗೂ ಅವರು ಸುಮ್ಮನೆ ಕೂರಲಿಲ್ಲ. ಹೊರದೇಶಗಳ ಜತೆ ಬೀಜ ಮತ್ತು ಗಿಡಗಳ ವಿನಿಮಯ ನಡೆಸಿದರು. ಹೂವಿನ ಗಿಡ ಮಾತ್ರ ಅಲ್ಲ, ಹಣ್ಣು, ತರಕಾರಿ, ಮೇವಿನ ಹುಲ್ಲು ಕೂಡ ಅದರಲ್ಲಿದ್ದವು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿದ್ದರ ಹಿಂದೆ ಅವರಿದ್ದರು. ಜನವರಿ, ಆಗಸ್ಟ್‌ನಲ್ಲಿ ನಾವು ನೂಕುನುಗ್ಗಲಿನಲ್ಲಿ ನೋಡಿ ಬರುವ ಫ್ಲವರ್ ಶೋ ಆ ಪರಂಪರೆಯದೇ.

1932ರಲ್ಲಿ ನಿವೃತ್ತರಾದರು. ಅದೇ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಎದ್ದಿತ್ತು. ಮಿರ್ಜಾ ಇಸ್ಮಾಯಿಲ್ ಅವರಿಗೆ ಕಾಶ್ಮೀರದ ಶಾಲಿಮಾರ್ ತೋಟದಂಥದ್ದೊಂದು ಇಲ್ಲಿ ಬೇಕಿತ್ತು. ಅದನ್ನು ನೆಲದ ಮೇಲೆ ರೂಪಿಸಿಕೊಟ್ಟವರು ಕ್ರುಂಬಿಗಲ್. ಸಿವಿಲ್ ವಿಭಾಗದ ನಮ್ಮ ಗೆಳೆಯರು ಇದನ್ನು ಗಮನಿಸಬೇಕು. ಅಣೆಕಟ್ಟು ಎಂಜಿನಿಯರುಗಳ ಕೆಲಸ, ತೋಟ ತೋಟಗಾರನ ಕೆಲಸ. ಆದರೆ ನೀರಿನ ಒತ್ತಡ, ಇಳಿಜಾರು, ಕಾಲುವೆ ಇವನ್ನೆಲ್ಲ ಇಬ್ಬರೂ ಕೂತು ಲೆಕ್ಕ ಹಾಕದೆ ಆ ಕಾರಂಜಿಗಳು ಚಿಮ್ಮುವುದಿಲ್ಲ.

ಶತ್ರುದೇಶದವ

ನಿವೃತ್ತಿಯಾದರೂ ಅವರು ಜರ್ಮನಿಗೆ ವಾಪಸ್ ಹೋಗಲಿಲ್ಲ, ಬೆಂಗಳೂರಿನಲ್ಲೇ ಉಳಿದರು. ಎರಡನೇ ಮಹಾಯುದ್ಧ ಶುರುವಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಶತ್ರುದೇಶದ ಪ್ರಜೆ. ಇಲ್ಲಿದ್ದ ಬೇರೆ ಜರ್ಮನ್ನರ ಹಾಗೆ ಅವರನ್ನೂ ಬಂಧನದಲ್ಲಿಟ್ಟರು. ಮೂವತ್ತು ವರ್ಷ ಒಂದು ಊರಿಗೆ ನೆರಳು ಕೊಟ್ಟವರನ್ನು ಆ ಊರಿನ ಮೇಲಿದ್ದ ಸರ್ಕಾರ ಹುಟ್ಟಿದ ದೇಶ ನೋಡಿ ಅಳೆಯಿತು. ಅದಾದ ಮೇಲೂ ಅವರು ಬೆಂಗಳೂರು ಬಿಡಲಿಲ್ಲ. 1956ರ ಫೆಬ್ರವರಿ 8ರಂದು, ತೊಂಬತ್ತನೇ ವಯಸ್ಸಿನಲ್ಲಿ ಇಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಹಳೆಯ ಸಭಾಂಗಣವೊಂದಿತ್ತು. ದುರಸ್ತಿ ಇಲ್ಲದೆ ಶಿಥಿಲವಾಗಿ 2017ರಲ್ಲಿ ನೆಲಸಮವಾಯಿತು. ಮರಗಳು ಉಳಿದವು.

ನಮ್ಮೂರಿಗೂ ಅವರಿಗೂ ಏನು ಸಂಬಂಧ?

ನೇರ ಸಂಬಂಧ ಇಲ್ಲ. ಅವರಿದ್ದ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಮುಂಬೈ ಪ್ರಾಂತದಲ್ಲಿದ್ದವು. ಮೈಸೂರು ಸಂಸ್ಥಾನ ಸಾಗರದ ಕಡೆಗೇ ಮುಗಿಯುತ್ತಿತ್ತು. ಜೋಗದ ಒಂದು ದಡ ಮೈಸೂರಿನದು, ಸಿದ್ದಾಪುರದ ಕಡೆಯ ದಡ ಮುಂಬೈಯದು. ನಮ್ಮ ತಾಲ್ಲೂಕುಗಳು ಮೈಸೂರಿನ ಜತೆ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ಅವರು ತೀರಿಕೊಂಡು ಒಂಬತ್ತು ತಿಂಗಳು ಕೂಡ ಆಗಿರಲಿಲ್ಲ.

ಆದರೂ ಅವರ ಕತೆಯನ್ನು ಓದುತ್ತಾ ನಮಗೆ ಊರು ನೆನಪಾದದ್ದು ಯಾಕೆಂದರೆ, ಮರದ ಜತೆ ಬದುಕುವ ಲೆಕ್ಕ ನಮ್ಮಲ್ಲೂ ಬೇರೆ ರೀತಿಯಲ್ಲಿ ಇದೆ. ಅಡಿಕೆ ತೋಟ ಇರುವ ಮನೆಯವರಿಗೆಲ್ಲ ಸೊಪ್ಪಿನ ಬೆಟ್ಟ ಗೊತ್ತು. ತೋಟಕ್ಕೆ ಹಾಕುವ ಸೊಪ್ಪು, ದರಕು ಅಲ್ಲಿಂದಲೇ ಬರಬೇಕು. ಸೊಪ್ಪು ಕಡಿಯುವವರು ಟೊಂಗೆ ಸವರುತ್ತಾರೆ, ಮರವನ್ನು ಕೊಲ್ಲುವುದಿಲ್ಲ. ಈ ವರ್ಷ ಸವರಿದ ಮರಕ್ಕೆ ಚಿಗುರಲು ಸಮಯ ಬಿಡಬೇಕು ಅನ್ನೋದು ಅಜ್ಜಂದಿರಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ನಗರಗಳಲ್ಲಿ ವಿದ್ಯುತ್ ತಂತಿಗೆ ತಾಗುತ್ತದೆ ಅಂತ ಮರದ ಒಂದೇ ಬದಿಯನ್ನು ಬೋಳಿಸುತ್ತಾರೆ. ಮರ ಇನ್ನೊಂದು ಬದಿಗೆ ವಾಲುತ್ತದೆ, ಮೇ ತಿಂಗಳ ಗಾಳಿ ಮಳೆಗೆ ಬೀಳುತ್ತದೆ. ಬಿದ್ದ ಮೇಲೆ ಮರವೇ ಅಪಾಯ ಅಂತ ಪಕ್ಕದ ನಾಲ್ಕು ಮರಕ್ಕೂ ಅರ್ಜಿ ಹೋಗುತ್ತದೆ. ಸೊಪ್ಪು ಸವರುವವರ ಕಣ್ಣು ಆ ಗರಗಸ ಹಿಡಿದವರಿಗೆ ಇದ್ದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಇನ್ನು ಮರ ಕಡಿಯುವುದನ್ನು ತಡೆಯುವ ವಿಷಯದಲ್ಲಿ ನಮ್ಮೂರು ಬೆಂಗಳೂರಿಗೇ ಪಾಠ ಹೇಳಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಹತ್ತಿರದ ಕಳಸೆ ಕಾಡಿನಲ್ಲಿ ಊರವರು ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಅದಕ್ಕೆ ಸ್ವಲ್ಪ ಮುಂಚೆ ಈ ಕಡೆ ಬಂದು ಹೋಗಿದ್ದರು. ಪಾಂಡುರಂಗ ಹೆಗಡೆಯವರ ಮುಂದಾಳುತನದಲ್ಲಿ ಆ ಮೊದಲ ಪ್ರತಿಭಟನೆ 38 ದಿನ ನಡೆಯಿತು. ಅದೇ ಅಪ್ಪಿಕೋ. ಸಹಜ ಕಾಡನ್ನು ಕಡಿದು ತೇಗ ಒಂದನ್ನೇ ನೆಡುವುದು ಬೇಡ ಎಂಬುದು ಅವರ ವಾದ. ಉಳಿಸುವುದು, ಬೆಳೆಸುವುದು, ಬಳಸುವುದು ಎಂಬ ಮೂರು ಮಾತಿನಲ್ಲಿ ಆ ಚಳವಳಿಯ ಗುರಿ ಅಡಗಿತ್ತು. ಮೂರನೆಯದನ್ನು ಮರೆಯಬಾರದು. ಮರ ಮುಟ್ಟಲೇಬೇಡಿ ಅಂತ ಅವರು ಹೇಳಲಿಲ್ಲ. ಲೆಕ್ಕ ಇಟ್ಟುಕೊಂಡು ಬಳಸಿ ಅಂದರು.

ಬೆಂಗಳೂರಿನ ಜಗಳಗಳು

ಕ್ರುಂಬಿಗಲ್ ಕಾಲದ ಅಗಲ ರಸ್ತೆಗಳು ಇವತ್ತಿನ ವಾಹನಗಳಿಗೆ ಸಾಲುತ್ತಿಲ್ಲ. ಮೊದಲು ಬಲಿಯಾಗುವುದು ಬದಿಯ ಮರ. 2009ರಲ್ಲಿ ಮೆಟ್ರೋ ದಾರಿಗಾಗಿ ಲಾಲ್‌ಬಾಗಿನ ಗೋಡೆ ಒಡೆದಾಗ, ಜಯನಗರದ ಲಕ್ಷ್ಮಣರಾವ್ ಉದ್ಯಾನದ ಸಾಲಿನಲ್ಲಿ ಮರ ಕಡಿದಾಗ ಜನ ಬೀದಿಗಿಳಿದರು. ಅಲ್ಲಿ ಮರಗಳು ಉಳಿಯಲಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ, 812 ಮರ ಹೋಗುತ್ತವೆ ಎಂದಾಗ ಅಕ್ಟೋಬರ್ 16ರಂದು ಸಾವಿರಾರು ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಮುಂದಿನ ವರ್ಷ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು.

ಇಂಥ ಜಗಳಕ್ಕೆ ಒಂದು ಕಾನೂನು ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ. ಅದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಕಾಯ್ದೆ ಅನ್ವಯವಾಗುವ ಕಡೆ ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅವರು ಸ್ಥಳಕ್ಕೆ ಬಂದು ನೋಡಬೇಕು. ಐವತ್ತಕ್ಕಿಂತ ಹೆಚ್ಚು ಮರ ಅಂದರೆ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಬೆಂಗಳೂರಿನ ಮರಗಳ ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ತಜ್ಞರ ಸಮಿತಿಯೂ ಬಂತು, ಮರಗಣತಿಯ ಮಾತೂ ಬಂತು. ಆಕ್ಷೇಪಣೆ ಹಾಕಲು ಲಾಯರ್ ಆಗಿರಬೇಕಿಲ್ಲ. ಯಾವ ನಂಬರಿನ ಮರ, ಅದನ್ನು ಉಳಿಸಿ ರಸ್ತೆ ಮಾಡಲು ಹೇಗೆ ಸಾಧ್ಯ ಅಂತ ಒಂದು ಕಾಗದದಲ್ಲಿ ಬರೆದರೆ ಸಾಕು. ಎರಡನೆಯ ಭಾಗವನ್ನು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯದೆ ಇನ್ಯಾರು ಬರೆಯಬೇಕು?

ಒಂದು ಸಣ್ಣ ಲೆಕ್ಕ

ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ಕೇಳಲು ಹತ್ತು ಪಟ್ಟು ಲಾಭದ ಹಾಗಿದೆ. ಲೆಕ್ಕ ಮಾಡಿ ನೋಡೋಣ. ದೊಡ್ಡ ಮಾವಿನ ಮರದ ಹರವು 15 ಮೀಟರ್ ಇದೆ ಎಂದುಕೊಳ್ಳಿ. ನೆಟ್ಟ ಹೊಸ ಸಸಿಯ ಹರವು 1 ಮೀಟರ್ ಎಂದುಕೊಳ್ಳಿ, ಅದೂ ಧಾರಾಳವಾಗಿ. ನೆರಳಿನ ವಿಸ್ತಾರ ಹರವಿನ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಅಂದರೆ ಆ ಒಂದು ಮರದ ನೆರಳಿಗೆ ಸಮ ಆಗಬೇಕಾದರೆ 225 ಸಸಿ ಬೇಕು. ಹತ್ತು ಸಸಿ ನೆಟ್ಟರೆ ಮೊದಲ ದಿನ ಸಿಗುವುದು ಹಳೆಯ ನೆರಳಿನ ನೂರಕ್ಕೆ ಐದು ಭಾಗವೂ ಅಲ್ಲ. ಆ ಹತ್ತರಲ್ಲಿ ದನ ತಿಂದದ್ದು, ನೀರಿಲ್ಲದೆ ಒಣಗಿದ್ದು ಬಿಟ್ಟು ಉಳಿಯುವುದೆಷ್ಟು ಅಂತ ಬೇರೆ ಹೇಳಬೇಕಿಲ್ಲ. ಹತ್ತು ಸಸಿ ಬೇಡ ಅಂತ ಅಲ್ಲ. ಅದನ್ನು ಲಾಭ ಅಂತ ಕರೆಯಬೇಡಿ ಅಷ್ಟೇ.

ಹಾಗೆಯೇ ಕ್ರುಂಬಿಗಲ್ ದಾರಿಯನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ನೇತು ಬೀಳುವುದು ಬೇಡ. ನಮಗೆ ಇಷ್ಟವಾಗುವ ಹೂಮರಗಳಲ್ಲಿ ಬಹಳಷ್ಟು ಹೊರಗಿನವು. ಟಬೆಬುಯಾ, ಜಕರಂಡ ದಕ್ಷಿಣ ಅಮೆರಿಕದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ಗುಲ್‌ಮೊಹರ್ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಹಕ್ಕಿಗಳಿಗೆ ಹಣ್ಣು ಬೇಕೆಂದರೆ ಆಲ, ಅರಳಿ, ಅತ್ತಿಯೇ ಬೇಕು. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ನಮ್ಮೂರಿಗೆ ಬೆಂಗಳೂರಿನ ಮರಗಳ ಪಟ್ಟಿ ಹೊಂದುವುದಿಲ್ಲ. ನಮಗೆ ಮಾವು, ಹಲಸು, ಹೊನ್ನೆ, ನೇರಳೆ, ಸುರಗಿ ಇವೆ. ಅವರಿಂದ ಪಡೆಯಬೇಕಾದ್ದು ಪಟ್ಟಿಯನ್ನಲ್ಲ, ಪಟ್ಟಿ ಮಾಡಿದ ರೀತಿಯನ್ನು. ರಸ್ತೆ ಎಷ್ಟು ಅಗಲ, ಮೇಲೆ ತಂತಿ ಇದೆಯೇ, ಚರಂಡಿ ಯಾವ ಕಡೆ, ಬೇರಿಗೆ ಮಣ್ಣು ಎಷ್ಟು ಸಿಗುತ್ತದೆ ಎಂದು ಮೊದಲು ನೋಡಬೇಕು. ಮರವನ್ನು ಆರಿಸುವುದು ಆಮೇಲೆ. ಬುಡದ ತನಕ ಕಾಂಕ್ರೀಟ್ ಬಳಿದು ಮರ ಒಣಗಿತು ಎಂದರೆ ಮರದ ತಪ್ಪೇ? ದಿಲ್ಲಿಯಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶ ಮಾಡಬೇಕಾಯಿತು. ಒಂದು ಮೀಟರ್ ಮಣ್ಣಿಗೂ ಕೋರ್ಟಿಗೆ ಹೋಗುವ ಸ್ಥಿತಿ ಬಂದದ್ದು ನಮ್ಮ ಡ್ರಾಯಿಂಗ್‌ಗಳಲ್ಲಿ ಮರ ಇಲ್ಲದ್ದರಿಂದ.

ಜಗಳ ಎಲ್ಲಿಗೆ ಬಂತು?

ನಮ್ಮ ಸಂಘದ ಜಗಳ ಪೂರ್ತಿ ಮುಗಿದಿಲ್ಲ. ಆದರೆ ಒಂದು ವಿಷಯಕ್ಕೆ ಎರಡೂ ಕಡೆಯವರು ಒಪ್ಪಿದ್ದೇವೆ. ಹುಬ್ಬಳ್ಳಿಗೆ ಹೋಗುವ ಆಂಬುಲೆನ್ಸ್‌ಗೆ ಒಳ್ಳೆಯ ರಸ್ತೆ ಬೇಕು. ತಿರುವಿನಲ್ಲಿ ಎದುರಿನ ಗಾಡಿ ಕಾಣದ ಹಾಗೆ ನಿಂತ ಮರ ಹೋಗಬೇಕಾಗಬಹುದು. ಆದರೆ ಡ್ರಾಯಿಂಗಿನಲ್ಲಿ ಒಂದು ಗೆರೆ ಎಳೆದು, ಅದರ ಒಳಗೆ ಬಂದದ್ದಕ್ಕೆಲ್ಲ ನಂಬರ್ ಹೊಡೆಯುವುದು ಎಂಜಿನಿಯರಿಂಗ್ ಅಲ್ಲ. ಗೆರೆ ಎಳೆಯುವ ಮುಂಚೆ ಮರಗಳನ್ನು ನಕ್ಷೆಯಲ್ಲಿ ಗುರುತಿಸಿದರೆ, ಅಗಲ ಮಾಡುವುದನ್ನು ಮರ ಕಡಿಮೆ ಇರುವ ಬದಿಗೆ ತಿರುಗಿಸಬಹುದು, ಇಲ್ಲವೇ ಸಾಲನ್ನು ಮಧ್ಯಕ್ಕೆ ಬಿಡಬಹುದು.

ಅದಕ್ಕೇ ಮುಂದಿನ ರಜೆಯಲ್ಲಿ ನಾವು ಒಂದು ಕೆಲಸ ಮಾಡಬೇಕೆಂದಿದ್ದೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳಲ್ಲಿ ನಮ್ಮ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡ್‌ವರೆಗಿನ ದಾರಿಯಲ್ಲಿ ಇರುವ ಮರಗಳ ಹೆಸರು, ಸುತ್ತಳತೆ, ರಸ್ತೆಯ ಅಂಚಿನಿಂದ ಇರುವ ದೂರ ಅಳೆದು ಬರೆಯುವುದು. ಟೇಪು, ನೋಟ್‌ಬುಕ್ಕು ಸಾಕು. ಹೆಸರು ಗೊತ್ತಾಗದ ಮರಕ್ಕೆ ಅಜ್ಜನನ್ನೋ ಆಯಿಯನ್ನೋ ಕೇಳಿದರಾಯಿತು. ಆ ಪಟ್ಟಿಯನ್ನು ಶಿರಸಿಯ ನಗರಸಭೆಗೆ, ಉಳಿದೆರಡು ಊರುಗಳ ಪಟ್ಟಣ ಪಂಚಾಯಿತಿಗೆ, ಜತೆಗೆ ಅರಣ್ಯ ಇಲಾಖೆಗೆ ಕೊಡುತ್ತೇವೆ. ಬಣ್ಣದ ನಂಬರ್ ಬೀಳುವ ಮುಂಚೆ ಮರಗಳಿಗೆ ನಮ್ಮ ಪಟ್ಟಿಯಲ್ಲಿ ಒಂದು ನಂಬರ್ ಇರಲಿ.

ಬಸ್ಸಿಗೆ ಕಾಯುವ ಆ ಮಾವಿನ ಮರ ಉಳಿಯುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಅದರ ಸುತ್ತಳತೆಯನ್ನು ಮೊದಲು ತೆಗೆಯುತ್ತೇವೆ. ನಿಮ್ಮೂರಲ್ಲೂ ಯಾರಾದರೂ ಅಳೆಯಲು ತಯಾರಿದ್ದರೆ ಸಂಘಕ್ಕೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಪಟ್ಟಿ ಸಮೇತ ಸಿಗೋಣ.